ಗೆರೆ ಮುಟ್ಟಿದ ಕಾಲು

ನಮ್ಮ ಮನೆಗೂ ಅವರ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಲಂಡನ್ನಿನ ಹ್ಯಾರೋದ ನಮ್ಮ ಬೀದಿಯಲ್ಲಿ ಎಲ್ಲ ಮನೆಗಳೂ ಹೀಗೆ ಜೋಡಿ ಜೋಡಿ. ಆ ಕಡೆಯವರ ಸೀನು ಈ ಕಡೆ, ಈ ಕಡೆಯವರ ಜಗಳ ಆ ಕಡೆ. ಹನ್ನೊಂದು ವರ್ಷ ಆ ಗೋಡೆಯಾಚೆಯಿಂದ ದಿನಕ್ಕೆ ನಾಲ್ಕು ಸಲವಾದರೂ ಒಂದು ಸದ್ದು ಬರುತ್ತಿತ್ತು. ಅಂಕಲ್ ಮೆಟ್ಟಿಲು ಹತ್ತುವ ಸದ್ದು. ಕೆಳಗಿನ ಮೆಟ್ಟಿಲ ಹತ್ತಿರ ನಿಂತು ಎದೆ ತುಂಬಾ ಉಸಿರು ಎಳೆದುಕೊಂಡು, "ಕಬಡ್ಡಿ ಕಬಡ್ಡಿ ಕಬಡ್ಡಿ" ಎಂದು ಗೊಣಗುತ್ತಾ ಹದಿಮೂರು ಮೆಟ್ಟಿಲನ್ನೂ ಒಂದೇ ಉಸಿರಿನಲ್ಲಿ ಹತ್ತಿ, ಮೇಲೆ ತಲುಪಿದ ಮೇಲೆ "ಹಾ..." ಎಂದು ಬಿಡುತ್ತಿದ್ದರು. ಎಂಬತ್ತು ದಾಟಿದ ಮನುಷ್ಯ, ಒಂದು ಮಂಡಿ ಕೆಟ್ಟಿದೆ, ಹೀಗೆಲ್ಲ ಮಾಡಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಕೇಳುವವರು ಯಾರು! ನಾನು ಈ ಕಡೆ ಸಾರಿಗೆ ಒಗ್ಗರಣೆ ಹಾಕುತ್ತಾ ಆ "ಹಾ" ಬರುವವರೆಗೆ ಸೌಟು ಹಿಡಿದು ಕಾಯುತ್ತಿದ್ದೆ. ಬಂದ ಮೇಲೆ ಸಾಸಿವೆ ಹಾಕುತ್ತಿದ್ದೆ.

ಈ ಫೆಬ್ರವರಿಯಿಂದ ಆ ಸದ್ದಿಲ್ಲ. ಒಗ್ಗರಣೆ ಎಷ್ಟೋ ಸಲ ಸೀದು ಹೋಗಿದೆ.

ಅವರ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಆ ಹೆಸರು ಎಲ್ಲಿ ಇರಬೇಕಿತ್ತೋ ಅಲ್ಲಿ ಈಗ ಇದೆ, ಅದು ಅಲ್ಲಿಗೆ ಹೋಗಲು ಅರವತ್ತು ವರ್ಷ ಹಿಡಿಯಿತು. ನನಗೆ ಅವರು ಅಂಕಲ್ ಅಷ್ಟೇ. ಮಂಗಳೂರು ಕಡೆಯ ಕ್ಯಾಥಲಿಕ್ಕರು, ಮನೆಯಲ್ಲಿ ಕೊಂಕಣಿ, ನಮ್ಮ ಹತ್ತಿರ ಕನ್ನಡ, ಕೌನ್ಸಿಲ್ ಆಫೀಸಿನವರ ಹತ್ತಿರ ಯಾರ್ಕ್‌ಶೈರ್ ಧಾಟಿಯ ಇಂಗ್ಲಿಷು.

ನಾವು ಈ ಮನೆಗೆ ಬಂದ ದಿನ ನಮ್ಮ ಸೋಫಾ ಮುಂಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿತು. ವ್ಯಾನಿನವರು ಇಬ್ಬರು, ನನ್ನ ಗಂಡ ಗಿರೀಶ ಒಬ್ಬ, ಮೂವರೂ ಬೆವರಿಳಿಸಿಕೊಂಡು ನಿಂತಿದ್ದರು. ನಾನು ತುಮಕೂರಿನ ಗಂಟಲು ತೆಗೆದು ಗಿರೀಶನಿಗೆ ಮಂಗಳಾರತಿ ಮಾಡುತ್ತಿದ್ದೆ. "ಅಳತೆ ತಗೊಳ್ರೀ ಅಂತ ಬಡ್ಕೊಂಡೆ, ಕೇಳಿದ್ರಾ?" ಅಷ್ಟರಲ್ಲಿ ಬೇಲಿಯಾಚೆಯಿಂದ ಒಂದು ದನಿ.

"ದೇವರೇ, ಕನ್ನಡ! ಅವರಿಗೆ ಬೈದು ಎಂತ ಪ್ರಯೋಜನ ಮಾರಾಯ್ತಿ? ಸೊಂಟ ತಗ್ಗಿಸ್ಲಿಕ್ಕೆ ಹೇಳು."

ತಿರುಗಿ ನೋಡಿದರೆ ಒಬ್ಬ ಮುದುಕರು, ಸಣಕಲು ಮೈ, ತಲೆ ತುಂಬಾ ಬಿಳಿ ಕೂದಲು, ಕಾಲಲ್ಲಿ ಹವಾಯಿ ಚಪ್ಪಲಿ. ಬಂದವರೇ ವ್ಯಾನಿನವರನ್ನು ಪಕ್ಕಕ್ಕೆ ಸರಿಸಿ, ಮಂಡಿ ಬಗ್ಗಿಸಿ, ಸೋಫಾದ ಅಡಿಗೆ ಭುಜ ಕೊಟ್ಟರು. "ತಲೆ ಹೊರಗೆ, ಭುಜ ಒಳಗೆ. ಹಿಡಿದ ಮೇಲೆ ಬಿಡ್ಲಿಕ್ಕಿಲ್ಲ." ಸೋಫಾ ಒಳಗೆ ಹೋಯಿತು, ಬಾಗಿಲ ಚೌಕಟ್ಟಿನ ಒಂದಿಷ್ಟು ಬಣ್ಣವನ್ನೂ ಕಿತ್ತುಕೊಂಡು. ವ್ಯಾನಿನವರಲ್ಲಿ ಒಬ್ಬ ಅವರ ಕೈ ಕುಲುಕಿದಾಗ ನಾನು ಬಲಗೈ ನಡುಬೆರಳನ್ನು ನೋಡಿದೆ. ಅದು ಎರಡನೆಯ ಗೆಣ್ಣಿನಿಂದ ಪಕ್ಕಕ್ಕೆ ತಿರುಗಿಕೊಂಡಿತ್ತು. ಚೌಕಟ್ಟಿನ ಆ ಗೀರು ಇವತ್ತಿಗೂ ಹಾಗೇ ಇದೆ. ಬಣ್ಣ ಹೊಡೆಯಲು ಹೊರಟ ಗಿರೀಶನನ್ನು ನಾನೇ ಎರಡು ಸಲ ತಡೆದಿದ್ದೇನೆ.

ಆ ಬೆರಳಿನ ಕತೆ ಗೊತ್ತಾದದ್ದು ಅವರಿಂದಲ್ಲ, ಅವರ ಹೆಂಡತಿ ಲಿಲ್ಲಿ ಆಂಟಿಯಿಂದ. ಅಂಕಲ್ ಇಪ್ಪತ್ತೊಂದು ಇಪ್ಪತ್ತೆರಡರ ವಯಸ್ಸಿನಲ್ಲಿ ಹಡಗು ಹತ್ತಿ ಬಂದು ಯಾರ್ಕ್‌ಶೈರ್‌ನ ಒಂದು ಉಣ್ಣೆ ಗಿರಣಿಗೆ ಸೇರಿದ್ದರು. ಊರಲ್ಲಿದ್ದಾಗ ಚರ್ಚಿನ ಹಿಂದಿನ ಮೈದಾನದಲ್ಲಿ ಕಬಡ್ಡಿ ಆಡಿ ಹೆಸರು ಮಾಡಿದವರು. ಗಿರಣಿ ಊರಿನ ಚರ್ಚಿನ ಹಿಂದೆಯೂ ಒಂದು ಮೈದಾನ. ಮೊದಲ ಭಾನುವಾರ ಪೂಜೆ ಮುಗಿಸಿ ಹೊರಗೆ ಬಂದರೆ ಅಲ್ಲಿ ಗಂಡಸರು ಕೆಸರಿನಲ್ಲಿ ಓಡುತ್ತಿದ್ದಾರೆ, ಓಡುವವನನ್ನು ಸೊಂಟಕ್ಕೆ ಹಿಡಿದು ಕೆಡವುತ್ತಿದ್ದಾರೆ. ರಗ್ಬಿ ಲೀಗ್ ಎನ್ನುವ ಆಟ, ಒಂದು ಕಡೆಗೆ ಹದಿಮೂರು ಜನ. ಇವರು ಬೂಟು ಬಿಚ್ಚಿ ಬರಿಗಾಲಲ್ಲಿ ಇಳಿದೇಬಿಟ್ಟರಂತೆ.

"ಕಬಡ್ಡಿಯೇ ಅಲ್ವಾ ಅದು," ಎನ್ನುತ್ತಿದ್ದರು ಅಂಕಲ್. "ಒಂದು ಚೆಂಡು ಹೆಚ್ಚು ಉಂಟು, ಅಷ್ಟೇ."

ಚರ್ಚಿನ ತಂಡದಲ್ಲಿ ಆಡುತ್ತಿದ್ದವರನ್ನು ಆ ಊರಿನ ದೊಡ್ಡ ಕ್ಲಬ್ಬಿನವರು ನೋಡಿ, ಮೂರು ಶನಿವಾರ ಆಡಿಸಿ ಪರೀಕ್ಷೆ ಮಾಡುತ್ತೇವೆ ಎಂದು ಕರೆದರು. ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡು ಜನ ನೋಡಲು ಬರುವ ಪಂದ್ಯಗಳು. ಆದರೆ ಹೀಗೆ ಪರೀಕ್ಷೆಗೆ ಬಂದ ಆಟಗಾರನ ಹೆಸರನ್ನು ಆ ಕಾಲದಲ್ಲಿ ಅಚ್ಚು ಹಾಕುತ್ತಿರಲಿಲ್ಲ. ಒಳ್ಳೆಯ ಆಟಗಾರನಾದರೆ ಬೇರೆ ಕ್ಲಬ್ಬಿನವರು ಹಾರಿಸಿಕೊಂಡು ಹೋದಾರು ಎಂಬ ಭಯ. ಮೈದಾನದಲ್ಲಿ ಹಂಚುವ ಹಾಳೆಯಲ್ಲಿ ಹನ್ನೆರಡು ಜನಕ್ಕೆ ಹೆಸರು, ಹದಿಮೂರನೆಯವನಿಗೆ 'ಟ್ರಯಲಿಸ್ಟ್' ಎಂದಷ್ಟೇ. ಮೂರು ಶನಿವಾರವೂ ಅಂಕಲ್ ಹಾಗೆಯೇ ಆಡಿದರು. ಮೂರನೆಯ ಪಂದ್ಯದ ನಂತರ ಮ್ಯಾನೇಜರ್ ಕೈ ಕುಲುಕಿ ಥ್ಯಾಂಕ್ಸ್ ಎಂದ. ಅಲ್ಲಿಗೆ ಆಟ ಮುಗಿಯಿತು. ಮುಂದಿನ ವರ್ಷ ಲಂಡನ್ನಿಗೆ ಬಂದು ನೆಲದಡಿಯ ಟ್ಯೂಬ್ ರೈಲಿನಲ್ಲಿ ಗಾರ್ಡ್ ಆಗಿ ಸೇರಿ, ಮೂವತ್ತು ವರ್ಷ ಅದರ ಬಾಗಿಲು ತೆಗೆದು ಮುಚ್ಚಿ ನಿವೃತ್ತರಾದರು.

ಇಷ್ಟನ್ನು ನಾನು ಒಣಒಣದಾಗಿ ಹೇಳಿದೆ. ಲಿಲ್ಲಿ ಆಂಟಿ ಹೇಳಬೇಕು, ಆಗ ಕೇಳಬೇಕು. ಆ ಆಟದಲ್ಲಿ ಚೆಂಡನ್ನು ಎದುರಾಳಿಯ ಗೆರೆಯಾಚೆ ಒಯ್ದು, ಕೈಯಿಂದ ನೆಲಕ್ಕೆ ಒತ್ತಬೇಕು. ಅದಕ್ಕೆ ಟ್ರೈ ಎನ್ನುತ್ತಾರೆ, ಅದಕ್ಕೇ ಅಂಕ. ಆಂಟಿಯ ಕತೆಯಲ್ಲಿ ಚೆಂಡು ಎಂದರೆ ಕಿಂಗ್ಸ್‌ಬರಿಯ ಅಂಗಡಿಯಿಂದ ತಂದ ಮಂಗಳೂರು ಸೌತೆಕಾಯಿ. ಹಾಗೇ ಉದ್ದುರುಟು, ಕಂಕುಳಲ್ಲಿ ಸರಿಯಾಗಿ ಕೂರುತ್ತದೆ. ಮನೆಗೆ ಯಾರೇ ಬರಲಿ, ಚಹಾ ಆದ ಮೇಲೆ ಸೌತೆಕಾಯಿ ಬುಟ್ಟಿಯಿಂದ ಹೊರಗೆ ಬರುತ್ತಿತ್ತು.

"ಮೂರನೇ ಮ್ಯಾಚು. ಇವರು ಓಡಿದ್ರು ನೋಡಿ, ಬದಿಯಲ್ಲೇ, ಒಬ್ಬ ಬಂದ, ತಪ್ಪಿಸಿದ್ರು, ಇನ್ನೊಬ್ಬ ಬಂದ, ತಪ್ಪಿಸಿದ್ರು. ಗೆರೆ ಇನ್ನು ಇಷ್ಟೇ ಉಂಟು, ಮೂರು ಜನ ಒಟ್ಟಿಗೆ ಬಿದ್ರು ಮೇಲೆ! ಒಬ್ಬ ಸೊಂಟಕ್ಕೆ, ಒಬ್ಬ ಕುತ್ತಿಗೆಗೆ, ಒಬ್ಬ ಮಂಡಿಗೆ. ಈ ಬೆರಳು ಮುರಿದದ್ದು ಆಗಲೇ. ಬಿಟ್ರಾ? ಕೈ ಚಾಚಿದ್ರು..." ಎಂದು ಆಂಟಿ ಟೇಬಲ್ಲಿನ ಮೇಲೆ ಅಡ್ಡ ಬಿದ್ದು ಸೌತೆಕಾಯಿಯನ್ನು ಆ ತುದಿಗೆ ಕುಕ್ಕುತ್ತಿದ್ದರು. "ಟ್ರೈ!"

ಕಪ್ಪು ಬಸಿಗಳೆಲ್ಲ ಕುಣಿಯುತ್ತಿದ್ದವು. ನಾವು ಚಪ್ಪಾಳೆ ತಟ್ಟುತ್ತಿದ್ದೆವು. ಅಂಕಲ್ ಮಾತ್ರ ಆ ಹೊತ್ತಿಗೆ ಚಹಾದ ಕಪ್ಪಿನೊಳಗೆ ನೋಡುತ್ತಾ ಕೂತಿರುತ್ತಿದ್ದರು, ಇಲ್ಲವೇ ಎದ್ದು ಹಿತ್ತಲಿಗೆ ಹೋಗಿ ಟೊಮೇಟೊ ಗಿಡ ನೋಡುತ್ತಿದ್ದರು. ಎಂಥ ಸಂಕೋಚದ ಮನುಷ್ಯ ಎಂದುಕೊಂಡಿದ್ದೆ. ನನ್ನ ಬುದ್ಧಿಗೆ ಏನು ಹೇಳಲಿ! ಹತ್ತು ವರ್ಷ ನೋಡಿದರೂ ತಿಳಿಯಲಿಲ್ಲ.

ಆಂಟಿ ಆ ಪಂದ್ಯ ನೋಡಿದವರಲ್ಲ. ಆಗ ಅವರು ಊರಲ್ಲಿದ್ದರು, ನಿಶ್ಚಿತಾರ್ಥವಾಗಿತ್ತು ಅಷ್ಟೇ. ಅಂಕಲ್ ಬರೆದ ಕಾಗದದಲ್ಲಿ ಒಂದು ಸಾಲಿತ್ತು: ಶನಿವಾರ ಟ್ರೈ ಹೊಡೆದೆ, ಮೂವರು ಹಿಡಿದಿದ್ದರು. ಕನ್ನಡ ಅಕ್ಷರದಲ್ಲಿ ಬರೆದ ಕೊಂಕಣಿ. ಆ ಕಾಗದವನ್ನು ನನಗೂ ತೋರಿಸಿದ್ದಾರೆ, ಮಡಿಕೆಯಲ್ಲಿ ಹರಿದು ನಾಲ್ಕು ತುಂಡಾಗಿದೆ. ಉಳಿದ ಓಟ, ತಪ್ಪಿಸಿದ್ದು, ಕೈ ಚಾಚಿದ್ದು, ಎಲ್ಲವೂ ಆಂಟಿಯದೇ ಕೃಷಿ.

ಒಂದು ಅಭ್ಯಾಸವಿತ್ತು ಅಂಕಲ್‌ಗೆ. ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಸರಿಯಾಗಿ ಹಿತ್ತಲಿಗೆ ಬಂದು ನಿಲ್ಲುತ್ತಿದ್ದರು. ಮಳೆ ಇರಲಿ, ಚಳಿ ಇರಲಿ, ಐದು ನಿಮಿಷ. ಮಂಡಿಗೆ ಹಚ್ಚಿದ ನೀಲಗಿರಿ ಎಣ್ಣೆಯ ವಾಸನೆ ಬೇಲಿ ದಾಟಿ ನಮ್ಮ ಬಟ್ಟೆ ಒಣಹಾಕುವ ಹಗ್ಗದವರೆಗೆ ಬರುತ್ತಿತ್ತು. ಒಮ್ಮೆ ಕೇಳಿಯೇ ಬಿಟ್ಟೆ.

"ಏನ್ ಅಂಕಲ್, ಯಾರಿಗೆ ಕಾಯ್ತಾ ಇದ್ದೀರಾ?"

"ಆಟ ಶುರು ಆಗುವ ಹೊತ್ತು ಇದು," ಎಂದರು. "ಬಟ್ಟೆ ಬದಲಿಸುವ ಕೋಣೆ ತುಂಬಾ ಇದೇ ವಾಸನೆ, ಗೊತ್ತುಂಟಾ? ಎಲ್ಲರೂ ಕಾಲಿಗೆ ಹಚ್ಚಿಕೊಂಡು ಕೂತಿರ್ತಾರೆ. ಹೊರಗೆ ಜನರ ಬೊಬ್ಬೆ." ಮಂಡಿ ನೀವಿಕೊಂಡು, "ಇಪ್ಪತ್ತೆರಡು ವರ್ಷ ನನಗೆ ಆಗ. ಈ ಕಾಲು ಹೇಗೆ ಓಡ್ತಿತ್ತು ಮಾರಾಯ್ತಿ," ಎಂದು ಹವಾಯಿ ಚಪ್ಪಲಿಯ ಕಾಲನ್ನು ಬೇರೆ ಯಾರದ್ದೋ ಎಂಬಂತೆ ನೋಡಿದರು. ನಾನು ಒದ್ದೆ ಬಟ್ಟೆ ಹಿಂಡಿದೆ.

ಎಲ್ಲದಕ್ಕೂ ಕಾಲೇ ಮುಂದೆ ಅವರಿಗೆ. ಬಸ್ಸಿನ ಬಾಗಿಲು ಮುಚ್ಚುತ್ತಿದ್ದರೆ ಕಾಲು ಚಾಚಿ ನಿಲ್ಲಿಸುವುದು, ಫ್ರಿಜ್ಜಿನ ಬಾಗಿಲನ್ನು ಕಾಲಿನಿಂದ ಮುಚ್ಚುವುದು, ರೀಸೈಕ್ಲಿಂಗ್ ಡಬ್ಬವನ್ನು ಕಾಲಿನಿಂದಲೇ ರಸ್ತೆಯವರೆಗೆ ತಳ್ಳಿಕೊಂಡು ಹೋಗುವುದು. ಆಂಟಿ ಇದಕ್ಕೆ ಬೈಯದ ದಿನವಿಲ್ಲ.

ನನ್ನ ಅಮ್ಮನಿಗೆ ಸೀರಿಯಸ್ ಎಂದು ತುಮಕೂರಿನಿಂದ ಫೋನ್ ಬಂದ ದಿನ ಗಿರೀಶ ಊರಲ್ಲಿರಲಿಲ್ಲ. ನಾನು ಪಾಸ್‌ಪೋರ್ಟ್ ಹುಡುಕುತ್ತಾ ಅಳುತ್ತಿದ್ದದ್ದು ಗೋಡೆಯಾಚೆ ಕೇಳಿಸಿರಬೇಕು. ಅಂಕಲ್ ಕಾರಿನ ಕೀ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಹೀಥ್ರೋ ವಿಮಾನ ನಿಲ್ದಾಣಕ್ಕೆ ಕರೆದುಕೊಂಡು ಹೋದರು. ಇಳಿಯುವಾಗ ನನ್ನ ಕೈ ಹಿಡಿದು, "ಹಿಡಿದುಕೊಂಡವರ ಕಡೆ ನೋಡ್ಬಾರ್ದು ಸುಮಾ. ಗೆರೆ ನೋಡ್ಬೇಕು. ಅಲ್ಲಿಯವರೆಗೆ ಉಸಿರು ಬಿಡ್ಬೇಡ," ಎಂದರು. ಬೆಂಗಳೂರು ಮುಟ್ಟುವವರೆಗೆ ಅದನ್ನೇ ಜಪ ಮಾಡಿದೆ. ಅಮ್ಮ ನನ್ನ ಗುರುತು ಹಿಡಿದಳು, ಊಟ ಆಯ್ತೇನೇ ಎಂದು ಕೇಳಿದಳು. ಮರುದಿನ ಹೋದಳು. ಅವತ್ತಿನಿಂದ ಅಂಕಲ್ ಋಣ ನನ್ನ ತಲೆಯ ಮೇಲೆ.

ಅದಕ್ಕೇ ಹೋದ ವರ್ಷ ಬೇಸಿಗೆಯಲ್ಲಿ ಲಿಲ್ಲಿ ಆಂಟಿ ಒಂದು ಕೆಲಸ ಹೇಳಿದಾಗ ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ. ಆ ಕ್ಲಬ್ಬಿನವರು ಈಗ ತಮ್ಮಲ್ಲಿ ಎಂದಾದರೂ ಆಡಿದ ಪ್ರತಿಯೊಬ್ಬ ಆಟಗಾರನಿಗೂ ಒಂದೊಂದು ನಂಬರ್ ಕೊಡುತ್ತಿದ್ದಾರಂತೆ. ಮೊದಲು ಆಡಿದವನಿಗೆ ಒಂದು, ಎರಡನೆಯವನಿಗೆ ಎರಡು, ಹೀಗೆ ಇವತ್ತಿನ ಹುಡುಗರವರೆಗೆ. ಒಂದೇ ಆಟ ಆಡಿದವನಿಗೂ ನಂಬರ್ ಉಂಟು, ಹೆಸರಿರುವ ಒಂದು ಪ್ರಮಾಣಪತ್ರ ಉಂಟು.

"ನಮ್ಮ ಮದುವೆಗೆ ಅರವತ್ತು ವರ್ಷ ಆಗ್ತದೆ," ಎಂದರು ಆಂಟಿ. "ಆ ದಿನಕ್ಕೆ ಇವರಿಗೆ ಅದನ್ನು ಕೊಡ್ಬೇಕು. ನೀನು ಕಂಪ್ಯೂಟರಿನಲ್ಲಿ ಬರಿ. ಟ್ರೈ ಹೊಡೆದದ್ದನ್ನೂ ಬರಿ, ಮರೀಬೇಡ."

ಅಂಕಲ್ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡರು. "ಬೇಡ ಮಾರಾಯ್ತಿ. ಎಂತಕ್ಕೆ ಅದೆಲ್ಲ? ಬೇಡ."

"ನೀವು ಸುಮ್ಮನಿರಿ," ಎಂದೆವು ನಾವಿಬ್ಬರೂ.

ಬರೆದೆ. ಆ ಕ್ಲಬ್ಬಿನ ಹಳೆಯ ದಾಖಲೆಗಳನ್ನು ಒಬ್ಬ ನಿವೃತ್ತ ಮೇಷ್ಟರು ನೋಡಿಕೊಳ್ಳುತ್ತಾರೆ. ಮೂರೇ ದಿನದಲ್ಲಿ ಉತ್ತರ ಬಂತು. ಆ ವರ್ಷ ಮೂರು ಪಂದ್ಯಗಳಲ್ಲಿ ಒಬ್ಬ ಟ್ರಯಲಿಸ್ಟ್ ಆಡಿದ್ದು ನಿಜ, ಯಾರೆಂದು ಇದುವರೆಗೆ ಪತ್ತೆಯಾಗಿಲ್ಲ, ನಿಮ್ಮವರೇ ಇರಬಹುದು. ಆದರೆ ಟ್ರೈ ಎಂದಿರಲ್ಲ, ಆ ಮೂರೂ ಪಂದ್ಯಗಳಲ್ಲಿ ಟ್ರಯಲಿಸ್ಟ್ ಹೆಸರಿನಲ್ಲಿ ಯಾವ ಟ್ರೈಯೂ ಇಲ್ಲ. ಊರಿನ ಪತ್ರಿಕೆಯ ವರದಿಯ ಚಿತ್ರ ಕಳಿಸಿದ್ದೇನೆ, ಅವರಿಗೆ ತೋರಿಸಿ, ಅದು ಅವರೇನಾ ಎಂದು ಕೇಳಿ. ಅವರು ಹೌದೆಂದು ಸಹಿ ಮಾಡಿದರೆ ಸಾಕು.

ಅಡುಗೆಮನೆಯಲ್ಲಿ ನಿಂತುಕೊಂಡೇ ಓದಿದೆ. ಮೂರನೆಯ ಪಂದ್ಯವನ್ನು ತಂಡ ಎರಡು ಅಂಕದಲ್ಲಿ ಸೋತಿತ್ತು. ಟ್ರೈಗೆ ಆಗ ಮೂರು ಅಂಕ. ಕೊನೆಯಲ್ಲಿ ನಾಲ್ಕು ಸಾಲು: ಭಾರತದಿಂದ ಬಂದ ಟ್ರಯಲಿಸ್ಟ್ ಬದಿಯಲ್ಲಿ ಸೊಗಸಾಗಿ ಓಡಿದ, ಗೆರೆಗೆ ಒಂದು ಗಜ ಇರುವಾಗ ಮೂವರು ಹಿಡಿದು ಕೆಡವಿದರು, ಕೈ ಮುಕ್ತವಾಗಿತ್ತು, ಚಾಚಿದ್ದರೆ ಚೆಂಡು ಗೆರೆಯಾಚೆ ಕೂರುತ್ತಿತ್ತು. ಆತನೋ ಚೆಂಡನ್ನು ಎದೆಗೆ ಅವಚಿಕೊಂಡು, ಯಾರಿಗೂ ಅರ್ಥವಾಗದ ಕಾರಣಕ್ಕೆ, ಕಾಲನ್ನು ಗೆರೆಯಾಚೆ ಚಾಚಿ ಸುಮ್ಮನೆ ಮಲಗಿಬಿಟ್ಟ. ಜನ ನಕ್ಕರು.

ಯಾರಿಗೂ ಅರ್ಥವಾಗದ ಕಾರಣ! ನನಗೆ ಮೊದಲ ಸಲ ಓದುವಾಗಲೇ ಅರ್ಥವಾಯಿತು. ಕಬಡ್ಡಿ ಆಡಿದ ಯಾರಿಗಾದರೂ ಆಗುತ್ತದೆ. ಎದುರು ಪಾಳೆಯದಲ್ಲಿ ಸಿಕ್ಕಿಬಿದ್ದವನು ಉಸಿರು ಕಟ್ಟಿಕೊಂಡು ಒದ್ದಾಡಿ, ಕಾಲಿನ ಬೆರಳಾದರೂ ನಡುಗೆರೆಗೆ ತಾಗಿಸಿದರೆ ಆಯಿತು, ಗೆದ್ದ, ಹಿಡಿದವರೆಲ್ಲ ಔಟ್. ಹತ್ತು ವರ್ಷ ಆ ಆಟ ಆಡಿದ ಮೈ, ಮೂವರು ಮೇಲೆ ಬಿದ್ದಾಗ ಚೆಂಡನ್ನು ಮರೆತು ತನ್ನ ಹಳೆಯ ಆಟ ಆಡಿಬಿಟ್ಟಿತ್ತು.

ಆಂಟಿ ಕಿಂಗ್ಸ್‌ಬರಿಗೆ ತರಕಾರಿ ತರಲು ಹೋದ ಹೊತ್ತು ನೋಡಿ ಅಂಕಲ್ ಹತ್ತಿರ ಹೋದೆ. ಹಿತ್ತಲ ಬೆಂಚಿನಲ್ಲಿ ಕೂತಿದ್ದರು. ಹಾಳೆ ಕೊಟ್ಟೆ. ಓದಿದರು, ಕನ್ನಡಕ ತೆಗೆದರು, ಇನ್ನೊಂದು ಸಲ ಓದಿದರು.

"ಸೊಗಸಾಗಿ ಓಡಿದ ಅಂತ ಬರೆದಿದ್ದಾರಲ್ಲ," ಎಂದರು. "ಇದನ್ನು ನಾನು ನೋಡಿಯೇ ಇರ್ಲಿಲ್ಲ."

"ಅಂಕಲ್..."

"ಬೂಟಿನ ತುದಿ ಸುಣ್ಣಕ್ಕೆ ತಾಗಿದ್ದು ಗೊತ್ತಾಯ್ತು ಸುಮಾ. ಆಯ್ತು, ಗೆದ್ದೆ ಅಂತ ಉಸಿರು ಬಿಟ್ಟೆ. ಎಷ್ಟು ಖುಷಿ ಗೊತ್ತುಂಟಾ? ಹಿಡಿದ ಮೂವರೂ ಎದ್ದು ಹೊರಗೆ ಹೋಗ್ತಾರೆ ಅಂತ ಕಾಯ್ತಾ ಇದ್ದೆ. ಅವರು ಹೋಗ್ಲಿಲ್ಲ. ಆಮೇಲೆ ಜನ ನಗುದು ಕೇಳಿತು." ಅವರ ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ. "ಆ ವಾರವೇ ಲಿಲ್ಲಿಗೆ ಕಾಗದ ಬರೀಬೇಕಿತ್ತು. ಅವಳ ಅಣ್ಣಂದಿರೂ ಓದುವ ಕಾಗದ. ಕಾಲು ಚಾಚಿ ಸೋತೆ ಅಂತ ಹೇಗೆ ಬರಿಯುದು? ಒಂದು ಸಾಲು ಬರೆದೆ. ಅವಳು ಅದನ್ನು ಇಷ್ಟು ದೊಡ್ಡದು ಮಾಡ್ತಾಳೆ ಅಂತ ಯಾರಿಗೆ ಗೊತ್ತಿತ್ತು?"

"ಈಗ ಏನ್ ಮಾಡೋಣ?"

"ಅದು ನಾನಲ್ಲ ಅಂತ ಬರಿ."

ನನಗೆ ರೇಗಿತು. ಅರವತ್ತು ವರ್ಷ ಶನಿವಾರ ಶನಿವಾರ ಹಿತ್ತಲಲ್ಲಿ ನಿಂತವರು, ನಂಬರ್ ಕೈಗೆ ಬರುವಾಗ ನಾನಲ್ಲ ಎನ್ನುವುದೇ? "ನಿಮ್ ಕಾಲನ್ನ ನೀವೇ ನನ್ನದಲ್ಲ ಅಂತೀರಾ? ನಾನಂತೂ ಸುಳ್ಳು ಬರೆಯಲ್ಲ," ಎಂದೆ.

"ಅವಳು ನೋಡಿದ್ದು ಅದೊಂದೇ ಮ್ಯಾಚು, ಮಾರಾಯ್ತಿ," ಎಂದರು. "ಅದನ್ನು ನಾನು ಹೇಗೆ ಕಿತ್ತುಕೊಳ್ಳುದು?"

ಮನೆಗೆ ಬಂದೆ. ಹೌದೆಂದೂ ಬರೆಯಲಿಲ್ಲ, ಅಲ್ಲವೆಂದೂ ಬರೆಯಲಿಲ್ಲ. ಆಂಟಿ ಬೇಲಿಯ ಹತ್ತಿರ ಸಿಕ್ಕಾಗಲೆಲ್ಲ "ಬಂತಾ?" ಎಂದು ಕೇಳುವರು. "ಇನ್ನೂ ಇಲ್ಲ ಆಂಟಿ, ನಿಧಾನ ಅವರದು," ಎಂದು ಪಾಪದ ಆ ಮೇಷ್ಟರ ತಲೆಗೆ ಕಟ್ಟುತ್ತಿದ್ದೆ. ಆರು ವಾರ ಹೀಗೆ ಕಳೆಯಿತು. ಆಮೇಲೆ ಮೇಷ್ಟರ ಇನ್ನೊಂದು ಪತ್ರ: ಪಟ್ಟಿ ಅಚ್ಚಿಗೆ ಹೋಗುತ್ತಿದೆ, ನಿಮ್ಮಿಂದ ಉತ್ತರ ಬರದಿದ್ದರೆ ಆ ನಂಬರಿನ ಮುಂದೆ 'ಯಾರೆಂದು ತಿಳಿದಿಲ್ಲ' ಎಂದು ಹಾಕುತ್ತೇವೆ. ಅದನ್ನು ಅಂಕಲ್‌ಗೆ ಓದಿ ಹೇಳಿದೆ, ನನ್ನ ಕಡೆಯಿಂದ ಏನೂ ಸೇರಿಸಲಿಲ್ಲ. ಅವರು ತಲೆಯಾಡಿಸಿ ಒಳಗೆ ಹೋದರು.

ಆ ಭಾನುವಾರ ಚರ್ಚಿನಿಂದ ಬಂದವರು ಸೂಟು ಕೂಡ ಬದಲಿಸದೆ ನಮ್ಮ ಬಾಗಿಲು ತಟ್ಟಿದರು. ಮುಖ ಬಿಳಿಚಿಕೊಂಡಿತ್ತು.

"ಬರಿ. ಕಾಲು ನನ್ನದೇ ಅಂತ ಬರಿ. ಲಿಲ್ಲಿಗೆ ಹೇಳಿ ಆಯ್ತು, ಈಗ, ದಾರಿಯಲ್ಲಿ ಬರುವಾಗ."

"ಆಂಟಿ ಏನಂದ್ರು?"

"ಎಂತ ಹೇಳ್ಲಿಲ್ಲ. ಅದೇ ಹೆದರಿಕೆ. ಆದ್ರೆ ಎಂಬತ್ತನಾಲ್ಕು ಆಯ್ತಲ್ಲ ನನಗೆ. ಆ ಮೂರು ಶನಿವಾರ ನನ್ನದು ಅಂತ ಯಾರಾದ್ರೂ ಒಂದು ಕಡೆ ಬರೆದು ಇಡ್ಬೇಕು ಸುಮಾ. ಸೋತದ್ದಾದ್ರೂ ಅಡ್ಡಿ ಇಲ್ಲ."

ಆ ತಿರುಚಿದ ಬೆರಳಿನಿಂದ ಪೆನ್ನು ಹಿಡಿದು ಪೂರ್ತಿ ಹೆಸರಿನ ಸಹಿ ಹಾಕಿದರು. ನಾನು ಅಲ್ಲೇ ಕಳಿಸಿದೆ.

ನಾಲ್ಕು ದಿನ ಗೋಡೆಯಾಚೆ ಮಾತಿಲ್ಲ. ಕೊಂಕಣಿಯ ಒಂದು ಶಬ್ದವೂ ಇಲ್ಲ, ಪಾತ್ರೆ ಇಡುವ ಸದ್ದು ಮಾತ್ರ, ಅದೂ ಸ್ವಲ್ಪ ಜೋರಾಗಿಯೇ. ಮೆಟ್ಟಿಲು ಹತ್ತುವಾಗ ಅಂಕಲ್ ಕಬಡ್ಡಿ ಎನ್ನುತ್ತಿರಲಿಲ್ಲ. ಒಂದೊಂದೇ ಮೆಟ್ಟಿಲು ಹತ್ತಿ, ನಿಂತು, ಮತ್ತೆ ಹತ್ತುವ ಸದ್ದು. ಇದೆಂಥ ಕೆಲಸ ಮಾಡಿಬಿಟ್ಟೆ ಎಂದು ನಾನು ಒಳಗೊಳಗೇ ಸತ್ತೆ. ಗಿರೀಶನ ಹತ್ತಿರ ಹೇಳಿಕೊಂಡು ಅತ್ತೆ. ಐದನೆಯ ದಿನ ಆಂಟಿಯ ದನಿ ಕೇಳಿತು. ಏನೋ ಕೇಳಿದರು, ಅಂಕಲ್ ಏನೋ ಹೇಳಿದರು, ದಡ್ ಎಂದು ಏನೋ ಬಿತ್ತು. ಆಮೇಲೆ ಇಬ್ಬರೂ ನಕ್ಕರು, ಬಹಳ ಹೊತ್ತು. ಏನು ನಡೆಯಿತೋ ನನಗೆ ಗೊತ್ತಿಲ್ಲ. ಮರುದಿನ ಕಸದ ಡಬ್ಬದ ಮೇಲೆ ಒಂದು ಒಡೆದ ಸೌತೆಕಾಯಿ ಇತ್ತು.

ಪ್ರಮಾಣಪತ್ರ ಮದುವೆಯ ಅರವತ್ತರ ದಿನಕ್ಕೆ ಸರಿಯಾಗಿ ಬಂತು. ಹೆಸರು, ನಂಬರ್, ಆಡಿದ ಪಂದ್ಯ ಮೂರು, ಟ್ರೈ ಸೊನ್ನೆ. ಅಂಕಲ್ ಅದನ್ನು ಮುಂಬಾಗಿಲು ತೆಗೆದ ಕೂಡಲೇ ಕಾಣುವ ಹಾಗೆ ಮೆಟ್ಟಿಲ ಬುಡದಲ್ಲಿ ನೇತುಹಾಕಿದರು. ಹತ್ತುವಾಗಲೂ ಇಳಿಯುವಾಗಲೂ ಒಮ್ಮೆ ಗಾಜು ಮುಟ್ಟುತ್ತಿದ್ದರಂತೆ. ಆದರೆ ಲಿಲ್ಲಿ ಆಂಟಿ ಆಮೇಲೆ ಯಾರ ಮುಂದೆಯೂ ಆ ಕತೆ ಹೇಳಲಿಲ್ಲ. ಚಹಾ ಆಗುತ್ತಿತ್ತು, ಸೌತೆಕಾಯಿ ಬುಟ್ಟಿಯಲ್ಲೇ ಇರುತ್ತಿತ್ತು. ಅದು ನನಗೆ ಚುಚ್ಚುತ್ತಲೇ ಇತ್ತು. ಅಂಕಲ್‌ಗೂ ಚುಚ್ಚಿರಬೇಕು. ಒಮ್ಮೆ ನನ್ನ ಹತ್ತಿರ, "ಮನೆ ಎಂತದೋ ಖಾಲಿ ಆದ ಹಾಗೆ ಉಂಟು," ಎಂದಿದ್ದರು.

ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಮಧ್ಯಾಹ್ನದವರೆಗೆ ಪೇಪರ್ ಅವರ ತೊಡೆಯ ಮೇಲೇ ಇತ್ತು.

ಚರ್ಚಿನ ಪೂಜೆ, ಮಣ್ಣು ಎಲ್ಲ ಮುಗಿಸಿ ಚರ್ಚಿನ ಹಾಲ್‌ನಲ್ಲಿ ಸೇರಿದೆವು. ವಾರದ ದಿನಗಳಲ್ಲಿ ಅಲ್ಲಿ ಬ್ಯಾಡ್ಮಿಂಟನ್ ಆಡುತ್ತಾರೆ, ನೆಲದ ಮೇಲೆ ಬಿಳಿ ಗೆರೆಗಳಿವೆ. ಮಂಗಳೂರಿನವರು, ಪಿನ್ನರ್ ಕಡೆಯ ನಮ್ಮ ಬೆಂಗಳೂರಿನವರು, ಟ್ಯೂಬಿನಲ್ಲಿ ಅವರ ಜೊತೆ ಕೆಲಸ ಮಾಡಿದ ನಾಲ್ಕು ಮುದುಕರು, ಎಲ್ಲರೂ ಇದ್ದರು. ಟೇಬಲ್ಲಿನ ಮೇಲೆ ಆ ಪ್ರಮಾಣಪತ್ರ ಇಟ್ಟಿದ್ದರು. ಚಹಾ ಆದ ಮೇಲೆ ಟ್ಯೂಬಿನ ಮುದುಕರಲ್ಲಿ ಒಬ್ಬರು, ಪಾಪ, ಏನೂ ತಿಳಿಯದೆ, "ಲಿಲ್ಲಿ, ಆ ಟ್ರೈ ಕತೆ ಇನ್ನೊಂದು ಸಲ ಹೇಳಮ್ಮಾ," ಎಂದು ಇಂಗ್ಲಿಷಿನಲ್ಲಿ ಕೇಳಿಬಿಟ್ಟರು.

ನಾನು ಕಪ್ಪು ಕೆಳಗಿಟ್ಟು ಎದ್ದೆ, ಮಾತು ತಪ್ಪಿಸೋಣ ಎಂದು. ಆಂಟಿ ಕೈಯೆತ್ತಿ ನನ್ನನ್ನು ಕೂರಿಸಿದರು. ಕಪ್ಪು ಸೀರೆಯ ನೆರಿಗೆ ಎತ್ತಿ ಹಿಡಿದು ಹಾಲ್‌ನ ನಡುವೆ ಬಂದು ನಿಂತರು. ಎಂಬತ್ತೊಂದು ವರ್ಷ. ಮೊದಲು ಇಂಗ್ಲಿಷಿನಲ್ಲಿ ಶುರು ಮಾಡಿದವರು ಎರಡೇ ಮಾತಿಗೆ ಕನ್ನಡಕ್ಕೆ ಬಂದರು.

"ಓಡಿದ್ರು. ಸೊಗಸಾಗಿ ಓಡಿದ್ರು, ಪೇಪರಿನಲ್ಲಿ ಹಾಗೇ ಬರೆದಿದ್ದಾರೆ. ಗೆರೆ ಇಷ್ಟೇ ಉಂಟು, ಮೂರು ಜನ ಒಟ್ಟಿಗೆ ಬಿದ್ರು ಮೇಲೆ. ಸೊಂಟಕ್ಕೆ ಒಬ್ಬ, ಕುತ್ತಿಗೆಗೆ ಒಬ್ಬ, ಮಂಡಿಗೆ ಒಬ್ಬ. ಕೈ ಚಾಚ್ಬೇಕಿತ್ತು. ಚಾಚಿದ್ರೆ ಟ್ರೈ, ಆ ಊರಲ್ಲೇ ಮನೆ, ಆ ಊರಲ್ಲೇ ಹೆಸರು. ಇವರು ಕೈ ಚಾಚ್ಲಿಲ್ಲ."

ಆಂಟಿ ಎಡಗೈಯಿಂದ ಒಂದು ಕುರ್ಚಿಯ ಬೆನ್ನು ಹಿಡಿದುಕೊಂಡು, ಬಲಗಾಲನ್ನು ನಿಧಾನವಾಗಿ ಮುಂದೆ ಚಾಚಿ, ಚಪ್ಪಲಿಯ ತುದಿಯನ್ನು ಬ್ಯಾಡ್ಮಿಂಟನ್ನಿನ ಬಿಳಿ ಗೆರೆಗೆ ತಾಗಿಸಿದರು.

"ಹೀಗೆ," ಎಂದರು. ತಲೆಯೆತ್ತಿ ನಮ್ಮನ್ನೆಲ್ಲ ನೋಡಿದರು. ಕಣ್ಣಿಂದ ನೀರು ಇಳಿಯುತ್ತಿತ್ತು, ದನಿ ಮಾತ್ರ ಸೌತೆಕಾಯಿ ಕುಕ್ಕುವಾಗಿನ ಅದೇ ದನಿ.

"ನಮ್ಮ ಊರಿನಲ್ಲಿ ಆಗಿದ್ರೆ ಮೂರು ಜನ ಔಟ್!"